ಮರದ ತುದಿಯಲ್ಲಿ ಮುಕ್ಕಾಲು ಗಂಟೆ

ತೆಂಗಿನಕಾಯಿ ಕೊಯ್ಯುವ ಕೆಲಸದಲ್ಲಿ ನನಗೆ ಇಷ್ಟವಾದದ್ದೇ ಒಬ್ಬನೇ ಇರುವುದು. ಮರದ ತುದಿಗೆ ಬಂದು ಯಾರೂ ಮಾತಾಡಿಸುವುದಿಲ್ಲ. ಫೋನನ್ನೂ ಬೈಕಿನ ಚೀಲದಲ್ಲೇ ಬಿಟ್ಟು ಹತ್ತುತ್ತೇನೆ.

ಅವತ್ತು ಹೆಮ್ಮಾಡಿ ಹತ್ತಿರದ ಒಂದು ತೋಟ. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಗರಿಯ ಬುಡದಲ್ಲಿ ಕೂತು ಗೊನೆ ಕಡಿಯುವಾಗ, ಮರ ಹತ್ತುವ ಮೆಷಿನ್ನಿನ ಎಡಗಾಲಿನ ಭಾಗ ಜಾರಿ ಸೀದಾ ನೆಲಕ್ಕೆ ಹೋಯಿತು. ನಾನು ಮೆಷಿನ್ನಿನಲ್ಲೇ ಕಲಿತವನು, ಬರಿಗಾಲಲ್ಲಿ ಇಳಿಯಲು ಬಾರದು. ಕೆಳಗೆ ಫೋನ್ ಎರಡು ಸಲ ರಿಂಗಾಗಿ ಸುಮ್ಮನಾಯಿತು.

ಕೂಗಿ ಕೂಗಿ ಗಂಟಲು ಒಣಗಿದ ಮೇಲೆ, ರಸ್ತೆಯಲ್ಲಿ ಮೀನು ಮಾರಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬರು ತೋಟದೊಳಗೆ ಬಂದರು.

"ಹ್ವಾಯ್, ಇಳೂಕೆ ಆತಿಲ್ಯಾ?"

"ಇಲ್ಲೆ ಅಕ್ಕ. ಮೆಷಿನ್ ಕೆಳ್ಗ್ ಬಿತ್."

ಅವರು ಉಪ್ಪುಂದದಲ್ಲಿ ತಮಗೆ ಪರಿಚಯವಿದ್ದ ಮರ ಹತ್ತುವವನಿಗೆ ಫೋನ್ ಮಾಡಿದರು. ಬರಲು ಮುಕ್ಕಾಲು ಗಂಟೆ ಬೇಕು ಎಂದನಂತೆ.

"ಅಂವ ಬಪ್ಪಲ್ಲಿವರೆಗೆ ನಾನ್ ಇಲ್ಲೇ ಕೂಕಂತೆ. ನೀವ್ ಕೆಳ್ಗ್ ಕಾಂಬುದ್ ಬ್ಯಾಡ," ಎಂದು ಬುಟ್ಟಿ ಇಳಿಸಿ, ಕಾಯಿ ಬೀಳದಷ್ಟು ದೂರದಲ್ಲಿ ಕೂತರು. ಕೂತವರು ನಾದಿನಿಯ ಕಥೆ ಶುರು ಮಾಡಿದರು. ನಾದಿನಿ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಇವರನ್ನು ಬಾಗಿಲಿಗೆ ಬಂದು ಕರೆಯದೆ, ಬರೀ ಫೋನಿನಲ್ಲಿ ಕರೆದಿದ್ದಳಂತೆ. ಇವರು ಹೋಗಲೇ ಇಲ್ಲವಂತೆ.

ನೆಲದ ಮೇಲಿದ್ದರೆ ಎರಡನೇ ಮಾತಿಗೇ ನಾನು ಬೈಕ್ ಸ್ಟಾರ್ಟ್ ಮಾಡುತ್ತಿದ್ದೆ. ಆದರೆ ಅವರು ಎಲೆ ಅಡಿಕೆ ಹಾಕಿಕೊಳ್ಳಲು ಕಥೆ ನಿಲ್ಲಿಸಿದಾಗ, "ಮತ್ತೆ ಎಂತಾಯ್ತ್ ಅಕ್ಕ?" ಎಂದು ಮೇಲಿನಿಂದ ಕೇಳಿದವನು ನಾನೇ.