ಎಡಗಡೆ ಕನ್ನಡಿಯ ಚಪ್ಪಟೆ ಗಾಜು

ಕಾರಿನ ಎಡಗಡೆಯ ಕನ್ನಡಿ ಒಡೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾಗಿದ್ದವರಿಗೆ ಹೇಳಲಿಲ್ಲ.

ನಮ್ಮ ಯಜಮಾನರು ನೆಂಟರ ಮದುವೆಗೆಂದು ಹೊಸೂರಿಗೆ ಹೋಗಿದ್ದರು. ಮನೆ ಖಾಲಿ ಬಿಡಬಾರದೆಂದು ನಾನು ಮಾಧವರಂನಲ್ಲೇ ಉಳಿದೆ. ಬಿಸಿಲು ಚೆನ್ನಾಗಿತ್ತು. ಹತ್ತಿಯ ಹಾಸಿಗೆಯನ್ನು ಕಾಂಪೌಂಡಿನ ಗೋಡೆಗೆ ಹಾಕಿ ಬೆತ್ತದಿಂದ ಬಡಿಯುತ್ತಿದ್ದೆ. ಬೆತ್ತ ಬೀಸುವಾಗ ಪಕ್ಕದಲ್ಲಿ ನಿಂತಿದ್ದ ಕಾರಿನ ಕನ್ನಡಿಗೆ ತಗುಲಿತು. ಗಾಜು ಮೂರು ಚೂರಾಯಿತು. ಅದರ ಪ್ಲಾಸ್ಟಿಕ್ ಗೂಡಿಗೆ ಏನೂ ಆಗಲಿಲ್ಲ.

ಬೇರೆ ಹೆಂಗಸರಾಗಿದ್ದರೆ ‘ಕೈ ತಪ್ಪಿತು ರೀ’ ಎಂದು ಮುಗಿಸುತ್ತಿದ್ದರು. ನನಗೆ ಅದಕ್ಕೆ ದಾರಿಯೇ ಇರಲಿಲ್ಲ. ಹಿಂದಿನ ತಿಂಗಳು ಅವರು ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿದ್ದರು. ಒಂದು ಗೆರೆ ಬಿದ್ದಿತ್ತು, ಅಷ್ಟೇ. ಅದನ್ನು ನಾನು ತಿಂಗಳಿಡೀ, ಕಾಫಿ ಕೊಡುವಾಗಲೆಲ್ಲ ಎತ್ತಿ ಆಡಿದ್ದೆ.

“ಮೂವತ್ತು ವರ್ಷ ರೈಲು ಓಡಿಸಿದೋರಿಗೆ ಮನೆ ಗೇಟು ಕಾಣಲಿಲ್ವಾ?”

“ರೈಲಿಗೆ ಹಳಿ ಇರತ್ತೆ ಕಣೇ. ಅದೂ ನಿನ್ನ ಹಾಗೇ, ಆ ಕಡೆ ಈ ಕಡೆ ಅಲ್ಲಾಡೋಕೆ ಬಿಡಲ್ಲ” ಎಂದು ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಇಷ್ಟೆಲ್ಲ ಆಡಿದ ಬಾಯಲ್ಲಿ ಈಗ ನಾನೇ ಒಡೆದೆ ಅನ್ನುವುದು ಹೇಗೆ? ಕಂಪನಿ ಶೋರೂಮಿಗೆ ಫೋನು ಮಾಡಿದೆ. ಗಾಜು ಮಾತ್ರ ಕೊಡುವುದಿಲ್ಲ, ಗೂಡು ಸಮೇತ ಪೂರ್ತಿ ಸೆಟ್ಟೇ ತೆಗೆದುಕೊಳ್ಳಬೇಕು, ಹಳೇ ಮಾಡೆಲ್ಲು, ತರಿಸುವುದಕ್ಕೆ ಒಂದು ವಾರ ಆಗುತ್ತದೆ ಅಂದರು. ಇವರು ಬರುವುದು ನಾಡಿದ್ದು. ಒಡೆದ ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ವೈರ್ ಬುಟ್ಟಿಗೆ ಹಾಕಿಕೊಂಡು, ಬಸ್ಸು ಹತ್ತಿ ಪುದುಪೇಟೆಗೆ ಹೋದೆ. ಗಾಡಿಗಳ ಸಾಮಾನಿಗೆ ಊರೆಲ್ಲ ಹೋಗುವುದು ಅಲ್ಲಿಗೇ.

ಅಂಗಡಿಯವನು ತಮಿಳಿನಲ್ಲಿ ಕೇಳಿದ: “ಕಂಪನಿ ಪೀಸಾ, ಲೋಕಲ್ಲಾ ಪಾಟಿ?” ಪಾಟಿ ಅಂದರೆ ಅಜ್ಜಿ.

“ಕಂಪನೀದು ಇದೆಯಾ?”

“ಇಲ್ಲ.”

“ಮತ್ಯಾಕಪ್ಪ ಕೇಳ್ದೆ?”

ಅವನು ನಕ್ಕ. ನನ್ನ ಚೂರನ್ನೂ ಅವನ ಗಾಜನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದ. “ನೋಡಿ ಪಾಟಿ, ನಿಮ್ಮದು ಸ್ವಲ್ಪ ಉಬ್ಬಿದೆ. ಇದು ಚಪ್ಪಟೆ. ಓಡಿಸೋರಿಗೆ ಒಂದು ಮಾತು ಹೇಳಿಬಿಡಿ. ದೂರ, ಹತ್ತಿರ ಬೇರೆ ಥರ ತೋರಿಸುತ್ತೆ.”

“ಮುಖ ಕಾಣತ್ತಲ್ಲ?”

“ಮುಖ ನೋಡೋಕಲ್ಲ ಪಾಟಿ ಇದು.”

“ಸರಿ, ಕಟ್ಟಿಕೊಡು” ಅಂದೆ.

ನಮ್ಮ ಬೀದಿಯ ಪಂಚರ್ ಅಂಗಡಿಯವನು ಅದನ್ನು ಹತ್ತು ನಿಮಿಷದಲ್ಲಿ ಅಂಟಿಸಿದ. ಮದುವೆಯಿಂದ ಬಂದವರಿಗೆ ಏನೂ ಗೊತ್ತಾಗಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಭಾನುವಾರ ಬೆಳಗ್ಗೆ ನಮ್ಮನ್ನು ಕೂರಿಸಿಕೊಂಡು ಕಾರು ಹೈವೇಗೆ ಹೋಗಬೇಕು, ಟೋಲ್‌ಗೇಟಿನ ಹತ್ತಿರ ಕಾಫಿ ಕುಡಿದು ವಾಪಸ್ಸು ಬರಬೇಕು. ರಿಟೈರ್ ಆದಾಗಿನಿಂದ ಅವರು ತಪ್ಪಿಸಿದ್ದೇ ಇಲ್ಲ. ಇಂಜಿನ್ನು ಬಿಟ್ಟ ಮನುಷ್ಯನಿಗೆ ಅದೊಂದು ಉಳಿದಿತ್ತು. ಆ ಭಾನುವಾರ ಎಡಕ್ಕೆ ತಿರುಗಿಸುವಾಗ ಒಂದು ಬೈಕು ನನ್ನ ಬಾಗಿಲಿಗೆ ತಾಗುವಷ್ಟು ಹತ್ತಿರ ಬಂದುಬಿಟ್ಟಿತು. ಇವರು ಬ್ರೇಕ್ ಒತ್ತಿದರು. ಬೈಕಿನವನು ಕಿರುಚಿದ: “ಯೋವ್ ಪೆರಿಸು! ಕಣ್ಣು ತೆರಿಯಲಿಯಾ?” ಏ ಮುದುಕಾ, ಕಣ್ಣು ಕಾಣಲ್ವಾ ಎಂದು.

ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. “ಕನ್ನಡೀಲಿ ಏನೂ ಇರಲಿಲ್ಲ ಕಣೇ. ಖಾಲಿ ಇತ್ತು.”

ನಾನೇನಂದೆ ಗೊತ್ತೇ? “ಗೇಟೇ ಕಾಣದೋರಿಗೆ ಬೈಕು ಕಾಣತ್ತಾ?”

ಆಮೇಲೆ ಪ್ರತಿ ವಾರವೂ ಏನಾದರೊಂದು ಆಗುತ್ತಿತ್ತು. ದೂರದ ಲಾರಿ ಮೈಮೇಲೆ ಬಂದಂತೆ ಕಾಣುತ್ತದೆ ಅನ್ನುತ್ತಿದ್ದರು. ಗಾಡಿಗಳು ಎಲ್ಲಿಂದಲೋ ಹುಟ್ಟಿಕೊಳ್ಳುತ್ತವೆ ಅನ್ನುತ್ತಿದ್ದರು. ರೈಲ್ವೆಯಲ್ಲಿ ಡ್ರೈವರುಗಳ ಕಣ್ಣನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. ಫೇಲಾದರೆ ಇಂಜಿನ್ನಿನಿಂದ ಇಳಿಸಿ ಶೆಡ್ಡಿನಲ್ಲಿ ಕುರ್ಚಿ ಕೊಡುತ್ತಾರೆ. ಹಾಗೆ ಇಳಿದ ಸ್ನೇಹಿತರನ್ನು ನೋಡಿ ನೋಡಿ ಮೂವತ್ತು ವರ್ಷ ಹೆದರಿದವರು ಇವರು. ಒಂದು ದಿನ ನನಗೂ ಹೇಳದೆ ಆಟೋ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋದರು.

ಅವರು ಹೋದ ಮೇಲೆ ಅಂಗಡಿಯವನ ಮಾತು ನನ್ನ ತಲೆಗೆ ಬಂತು. ಕಾರಿನ ಹಿಂದೆ ಬಲಕ್ಕೊಂದು ನೀಲಿ ಬಕೆಟ್ಟು, ಎಡಕ್ಕೊಂದು ಕೆಂಪು ಬಕೆಟ್ಟು ಇಟ್ಟೆ. ಅವರ ಸೀಟಿನಲ್ಲಿ ಕೂತೆ. ಅಲ್ಲಿ ನಾನು ಕೂತದ್ದು ಅದೊಂದೇ ಸಲ. ಬಲಗಡೆಯ ಕನ್ನಡಿಯಲ್ಲಿ ನೀಲಿ ಬಕೆಟ್ಟು ಕಂಡಿತು, ಅದರಾಚೆ ಪಕ್ಕದ ಮನೆಯ ನುಗ್ಗೆಮರವೂ ಕಂಡಿತು. ಎಡಗಡೆಯ ಕನ್ನಡಿಯಲ್ಲಿ ಕೆಂಪು ಬಕೆಟ್ಟು ಇರಲೇ ಇಲ್ಲ. ಕತ್ತು ತಿರುಗಿಸಿದರೆ ಅಲ್ಲೇ ಇದೆ.

ಬಕೆಟ್ಟುಗಳನ್ನು ಬಚ್ಚಲಿಗೆ ತಂದಿಟ್ಟೆ. ಬಂದ ತಕ್ಷಣ ಹೇಳಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ವೇಲಚೇರಿಯಿಂದ ಮಗಳ ಫೋನು ಬಂತು. ವಿಷಯ ಕೇಳಿ ಅವಳು ಅಂದಳು: “ಅಮ್ಮಾ, ಅಪ್ಪ ಓಡಿಸೋದು ಬಿಟ್ಟರೆ ಒಳ್ಳೇದೇ. ಈ ಟ್ರಾಫಿಕ್‌ನಲ್ಲಿ ಈ ವಯಸ್ಸಿಗೆ ತೇವೆಯಾ ಇದು? ನಾವೂ ನೆಮ್ಮದಿಯಾಗಿ ಇರ್ತೀವಿ.” ತಮಿಳಿನ ‘ತೇವೆಯಾ’ ಅಂದರೆ ಬೇಕಾ ಎಂದು. ನನಗೂ ಅವರ ಪಕ್ಕದಲ್ಲಿ ಕೂರಲು ಭಯವಿತ್ತು. ಮಗಳ ಮಾತು ಹಿತವಾಯಿತು. ಸುಮ್ಮನಾದೆ.

ಮಧ್ಯಾಹ್ನ ಬಂದವರು ಊಟಕ್ಕೂ ಕೂರದೆ ಕಾರಿನ ಕೀಲಿಯನ್ನು ನನ್ನ ಮುಂದೆ ಇಟ್ಟರು.

“ಕಣ್ಣು ಸರಿ ಇದೆ ಅಂದ ಡಾಕ್ಟರು. ಅಂದ್ರೆ ತಲೇನೇ ಕೆಟ್ಟಿರಬೇಕು.”

“ಹಾಗೆಲ್ಲ ಏನಿಲ್ಲ.”

“ಸಿಗ್ನಲ್ ದೀಪ ಆರಿದ್ರೆ ಕೆಂಪು ಅಂತಲೇ ತಿಳ್ಕೋಬೇಕು. ಅನುಮಾನ ಬಂದ ಡ್ರೈವರು ಗಾಡಿ ಎತ್ತಬಾರದು. ಇದನ್ನ ಒಳಗಿಡು.”

“ಒಳ್ಳೇದಾಯ್ತು ಬಿಡಿ” ಅಂದೆ. ಕೀಲಿಯನ್ನು ಬೀರುವಿನಲ್ಲಿಟ್ಟು ಅನ್ನ ಬಡಿಸಿದೆ.

ಆಮೇಲೆ ಅವರು ಯಾವುದನ್ನೂ ನಂಬಲಿಲ್ಲ. ಗ್ಯಾಸು ಆರಿಸಿದ್ದೇನಾ ನೋಡು ಅನ್ನುವರು. ರಸ್ತೆ ದಾಟುವಾಗ ನನ್ನ ಸೆರಗು ಹಿಡಿಯುವರು. ಮೂರನೇ ಕ್ಲಾಸು ಓದಿದ ನನ್ನ ಹತ್ತಿರ, ಬರುತ್ತಿರುವ ಬಸ್ಸಿನ ನಂಬರು ಎಷ್ಟೆಂದು ಕೇಳುವರು. ನಾನು ಹೇಳುತ್ತಿದ್ದೆ. ನಂಬರು ಹೇಳಿದೆ, ಗಾಜಿನ ವಿಷಯ ಹೇಳಲಿಲ್ಲ. ನಾಳೆ ಹೇಳೋಣ ಅನ್ನುತ್ತ ಎಂಟು ತಿಂಗಳು ಕಳೆಯಿತು.

ನಿಂತ ಕಾರು ಹಾಳಾಗುತ್ತದೆಂದು ಮಾರಲು ಒಪ್ಪಿದರು. ಕೊಳ್ಳಲು ಬಂದವನು ಸ್ಟೇರಿಂಗ್ ಹಿಂದೆ ಕೂತು ಕನ್ನಡಿಗಳನ್ನು ಸರಿಮಾಡಿಕೊಂಡ. ಇಳಿದು ಬಂದು ತಮಿಳಿನಲ್ಲಿ ಹೇಳಿದ: “ಸಾರ್, ಎಡಗಡೆಯದು ಲೋಕಲ್ ಪೀಸು. ಚಪ್ಪಟೆ ಗಾಜು. ಪಕ್ಕದಲ್ಲಿ ಬರೋದು ಏನೂ ಕಾಣಲ್ಲ. ಇದನ್ನು ನೋಡಿಕೊಂಡು ಹೇಗೆ ಓಡಿಸುತ್ತಿದ್ದಿರಿ?”

ಇವರು ನಿಧಾನವಾಗಿ ಸುತ್ತಿ ಬಂದರು. ಆ ಗಾಜಿನ ಮೇಲೆ ಹೆಬ್ಬೆರಳು ಎಳೆದರು. ಬಲಗಡೆಗೆ ಹೋಗಿ ಅದರ ಮೇಲೂ ಎಳೆದರು. ಮತ್ತೆ ಎಡಕ್ಕೆ ಬಂದರು.

“ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇತ್ತು.”

ಕನ್ನಡದಲ್ಲಿ ಅಂದರು. ಅಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೇ.

“ಮಾರೋದು ಬೇಡ ಅಂದ್ಬಿಡಿ ರೀ” ಅಂದೆ.

ಅವರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ನಡುಗುತ್ತಿದ್ದವು. “ಎಂಟು ತಿಂಗಳಾಯ್ತಲ್ಲೇ” ಅಂದರು. ಆಮೇಲೆ ಕೊಳ್ಳುವವನ ಕಡೆ ತಿರುಗಿ, ಒಂದು ವಾರ ತಡವಾದರೂ ಕಂಪನಿ ಪೀಸೇ ಹಾಕಿಸಪ್ಪ, ಅಲ್ಲಿಯವರೆಗೆ ದೊಡ್ಡ ರಸ್ತೆಗೆ ತೆಗೆಯಬೇಡ ಎಂದು ಅವನ ಭಾಷೆಯಲ್ಲಿ ಹೇಳಿದರು.

ಗಾಜು ಬದಲಾಯಿಸಿದವರು ಯಾರು ಎಂದು ಕೇಳಲಿಲ್ಲ. ಅದಾದ ಮೇಲೆ ಒಂದೂವರೆ ವರ್ಷ ಬದುಕಿದ್ದರು. ಕಾಫಿ ಕೊಡುವಾಗಲೆಲ್ಲ, ಈಗ ಕೇಳುತ್ತಾರೆ ಎಂದು ನಾನು ನಿಂತೇ ಇರುತ್ತಿದ್ದೆ. ಲೋಟ ತೆಗೆದುಕೊಂಡು “ಹೋಗಿ ಕೂತ್ಕೋ, ಕಾಲು ನೋಯತ್ತೆ” ಅನ್ನುತ್ತಿದ್ದರು.

ಕೇಳಿದ್ದರೆ ನಾನು ಮೊದಲು ಒಂದು ಸುಳ್ಳು ಹೇಳುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು.