ಪಾಸ್‌ವರ್ಡ್ ಕೊಡದ ಇಮೇಲ್

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರವಿದ್ದ ಸೈಬರ್ ಸೆಂಟರಿನವರಿಗೆ ನಮ್ಮ ಕಡೆಯ ಅರ್ಧ ಊರಿನ ಪಾಸ್‌ವರ್ಡ್ ಬಾಯಿಪಾಠವಿತ್ತು. ನಾವೇ ಕೊಟ್ಟದ್ದು. ಯಾರದ್ದಾದರೂ ಕಾಗದ ಬಂದರೆ ಪೇಟೆಯ ಅಂಗಡಿಯವರು ತೆಗೆದಿಟ್ಟು, ಆ ದಾರಿಯಲ್ಲಿ ಹೋಗುವವರ ಕೈಲಿ ಕಳಿಸುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಇಮೇಲ್ ಬಂದಾಗಲೂ ಹಾಗೇ ಮಾಡಿದೆವು. ಅವರು ಬೆಳಿಗ್ಗೆ ಎಲ್ಲರ ಮೇಲ್ ತೆರೆದು, ಪ್ರಿಂಟ್ ತೆಗೆದು, ಹರಿಹರಪುರದ ಬಸ್ಸಿನ ಕಂಡಕ್ಟರಿಗೆ ಕೊಡುತ್ತಿದ್ದರು. ಹರಿಹರಪುರದಲ್ಲಿ ಬ್ಲೌಸ್ ಹೊಲಿಯುತ್ತಿದ್ದ ನನಗೆ ಅಂಗಡಿ ಬಿಟ್ಟು ಓಡುವುದು ತಪ್ಪಿತಲ್ಲ ಎಂದು ಖುಷಿಯೇ ಆಗಿತ್ತು.

ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿಯಾದೆ. ಘಟ್ಟದ ಕೆಳಗಿನ ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಮೇಲ್ ಮಾಡಿದರು. ನನಗಿಂತ ಮೊದಲು ಕಂಡಕ್ಟರಿಗೆ ಗೊತ್ತಾಯಿತು. "ಅಕ್ಕ, ಸ್ವೀಟ್ ಎಲ್ಲಿ ಮಾರಾಯ್ರೆ?" ಎಂದು ಬಸ್ಸಿನ ಬಾಗಿಲಿಂದಲೇ ಕೂಗಿದರು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ಮನೆ ನಮ್ಮದು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಆದರೆ ಬಸಿರು ನಿಲ್ಲಲಿಲ್ಲ. ಆಮೇಲೆ ಅಳತೆ ಕೊಡಲು ಬಂದವರಿಗೆಲ್ಲ "ಇಲ್ಲ, ಹೋಯ್ತು" ಎಂದು ನಾನೇ ಹೇಳಬೇಕಾಯಿತು. ಹೇಳಿ ಹೇಳಿಯೇ ಸೋತುಹೋದೆ.

ಮತ್ತೆ ಮುಟ್ಟು ನಿಂತಾಗ ಗಂಡನಿಗೆ ಖಡಾಖಂಡಿತ ಹೇಳಿಬಿಟ್ಟೆ: "ಮೂರು ತಿಂಗಳು ಇದು ನಮ್ಮಿಬ್ಬರದ್ದೇ. ಕಂಡಕ್ಟರಿಗೆ ಗೊತ್ತಾದ್ರೆ ನಿಮ್ಮನ್ನೂ ಅದೇ ಬಸ್ ಹತ್ತಿಸ್ತೀನಿ."

ಶೃಂಗೇರಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾದಿನಿಯ ಹತ್ತಿರ ಹೋದೆ. ಯಾರೂ ಓದಲಾಗದ ಇಮೇಲ್ ಬೇಕು, ಯಾಕೆ ಅಂತ ಕೇಳಬೇಡ ಎಂದೆ. ಪುಣ್ಯಾತ್ಗಿತ್ತಿ, ಕೇಳಲಿಲ್ಲ. ಒಂದೊಂದೇ ಕಂಪನಿಯ ಷರತ್ತು ಓದುತ್ತಾ ಕೂತಳು.

"ಇದು ಬೇಡ ಅತ್ತಿಗೆ. ನಾವು ಬರೆದದ್ದನ್ನ ಇವರ ಮಶೀನು ಓದಿ ಪಕ್ಕದಲ್ಲಿ ಜಾಹೀರಾತು ಹಾಕ್ತದೆ."

"ಓದಿದ್ರೆ ಎಂತಾತು ಮಾರಾಯ್ತಿ? ಅದು ಬಸ್ಸಿಂದ ಕೂಗಲ್ವಲ್ಲ."

"ಬಸುರಿ ಅಂತ ಬರೆದ್ರೆ ತೊಟ್ಟಿಲಿನ ಜಾಹೀರಾತು ಬರ್ತದೆ. ಹಿಂದೆ ನಿಂತೋರು ನೋಡಲ್ವಾ?"

ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. "ಉದಾಹರಣೆಗೆ ಹೇಳ್ದೆ" ಎಂದು ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಇನ್ನೊಂದು ಕಂಪನಿ ಫೋನ್ ನಂಬರು, ಹುಟ್ಟಿದ ದಿನ, ಎಲ್ಲ ಕೇಳಿತು. ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಿರಲಿಲ್ಲ! ಕೊನೆಗೆ ಹೊರದೇಶದ ಒಂದು ಸಣ್ಣ ಕಂಪನಿ ಸಿಕ್ಕಿತು. ಜಾಹೀರಾತಿಲ್ಲ, ಕಾಗದ ಓದುವುದಿಲ್ಲ, ಅಳಿಸಿದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಮೇಲ್ ಇಟ್ಟುಕೊಳ್ಳಲು ಬಿಟ್ಟಿ ಸಿಗುವ ಜಾಗ ಮಾತ್ರ ಕಡಿಮೆ. ನನಗೆ ಅಷ್ಟೇ ಸಾಕಿತ್ತು. ನಾನು ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತುವಷ್ಟು ಹೊತ್ತೂ ನಾದಿನಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಋಣ ದೊಡ್ಡದು.

ಕೊಪ್ಪದ ಸೈಬರಿನವರು ಕೇಳಿಯೇ ಕೇಳಿದರು: "ನಿಮ್ಮ ಮೇಲಿಗೆ ಏನೂ ಬರ್ತಿಲ್ಲ, ಹಾಳಾಗಿದ್ಯಾ ಅಕ್ಕ?"

"ಬೇರೆ ಮಾಡ್ಕೊಂಡೆ. ಇದರ ಪಾಸ್‌ವರ್ಡ್ ಕೊಡಲ್ಲ."

ಅವರ ಮುಖ ಸಣ್ಣದಾಯಿತು. ಅವರು ದುಡ್ಡಿಗೆ ಮಾಡಿದ ಕೆಲಸವಲ್ಲ ಅದು, ಉಪಕಾರ ಅಂತಲೇ ಮಾಡಿದ್ದು. ಸಿಟ್ಟಾಗಬಹುದಿತ್ತು. ಆಗಲಿಲ್ಲ. ಮೂಲೆಯ ಕಂಪ್ಯೂಟರನ್ನು ಯಾರಿಗೂ ಕಾಣದಂತೆ ತಿರುಗಿಸಿ, "ಅಲ್ಲಿ ಕೂತ್ಕೊಳ್ಳಿ" ಎಂದರು. ನಾನು ಹೋದಾಗಲೆಲ್ಲ ತಾವು ಹೊರಗೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು.

ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರಮ್ಮನ ಮೇಲ್ ಬಂತು: ಎಲ್ಲ ಸರಿಯಾಗಿದೆ, ಇನ್ನು ಹೆದರಬೇಡಿ. ಆ ಮೂಲೆಯಲ್ಲಿ ಒಬ್ಬಳೇ ಕೂತು ಮನಸಾರೆ ಅತ್ತೆ. ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಅವರು ರಸ್ತೆ ಬದಿಯಲ್ಲಿ ಟೀ ಕುಡಿಯುತ್ತಿದ್ದರು. ನಾನೇ ಹತ್ತಿರ ಹೋಗಿ ಸುದ್ದಿ ಹೇಳಿದೆ.

ಅವರ ಕಣ್ಣು ತುಂಬಿತು. "ಎಲ್ಲರ ಸುದ್ದೀನೂ ಓದಿದ್ದೀನಿ ಅಕ್ಕ. ನಂಗೆ ಅಂತ ಬಂದು ಹೇಳಿದೋರು ನೀವೊಬ್ರೇ" ಎಂದರು.