ಏರು ರಸ್ತೆಯ ಹೆಜ್ಜೆ ಸಪ್ಪಳ

ಎರಡು ಸಾವಿರದ ಒಂದನೇ ಇಸವಿ, ಕಾಫಿ ಕೊಯ್ಲಿನ ಸಮಯ. ಮಲ್ಲಂದೂರಿನ ಹತ್ತಿರ ನಮ್ಮ ಮನೆ ಮುಂದೆಯೇ ಎಸ್ಟೇಟಿಗೆ ಹೋಗುವ ಏರು ರಸ್ತೆ. ಮಗನ ಮಗಳು ಸುಮಾ ಕಾಲೇಜಿನಲ್ಲಿ ಉದ್ದ ಓಟ ಓಡುತ್ತಿದ್ದಳು. ರಾಜ್ಯಮಟ್ಟದ ಆಯ್ಕೆ ಹತ್ತಿರ ಬಂದಿತ್ತು. ದಿನಾ ಬೆಳಿಗ್ಗೆ ಆ ಏರಿನಲ್ಲಿ ಉಸಿರು ಕಟ್ಟುವ ಹಾಗೆ ಓಡುವುದು, ನಡೆದು ಇಳಿಯುವುದು, ಮತ್ತೆ ಓಡುವುದು.

ಜೋರು ಓಟದ ಮರುದಿನ ಸುಮ್ಮನೆ ನಡೆದರೆ ಸಾಕು, ಕಾಲಿಗೆ ಬಿಡುವು ಕೊಡದಿದ್ದರೆ ಆಯ್ಕೆಯ ದಿನ ಓಡುವುದಕ್ಕೇ ಆಗುವುದಿಲ್ಲ ಎಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಇವಳು ಕೇಳಲಿಲ್ಲ. ಕೆನ್ನೆ ಒಳಗೆ ಹೋಯಿತು, ಅನ್ನ ಸೇರುತ್ತಿರಲಿಲ್ಲ. ಏರು ಹತ್ತುವುದು ನಿಧಾನವಾಯಿತು. ನಿಧಾನವಾಯಿತೆಂದು ಇನ್ನೂ ಹೆಚ್ಚು ಓಡಿದಳು.

"ಕೊಂಬೆ ಬಗ್ಗುವಷ್ಟು ಹಣ್ಣು ಬಿಟ್ಟ ಕಾಫಿ ಗಿಡ ಮರುವರ್ಷ ಒಣಗ್ತದೆ ಮಾರಾಯ್ತಿ" ಎಂದೆ.

"ನಾನೇನು ಅರೇಬಿಕಾ ಗಿಡವಾ ಅಜ್ಜಿ?" ಎಂದು ನಕ್ಕಳು.

ಒಂದು ದಿನ ಅಂಗಳದಲ್ಲೇ ಕುಸಿದಳು. ಮಾರನೆಯ ಬೆಳಿಗ್ಗೆ ಅವಳನ್ನು ಏಳಗೊಡಲಿಲ್ಲ. ಹೊರಗೆ ಎದುರಿನ ಸಿಲ್ವರ್ ಓಕ್ ಮರವೂ ಕಾಣದಷ್ಟು ಮಂಜು. ನಾನು ಕಾಫಿ ಸೋಸುತ್ತಿದ್ದಾಗ ಏರಿನಲ್ಲಿ ಓಟದ ಸದ್ದು ಕೇಳಿತು. ಎಡಗಾಲು ಸ್ವಲ್ಪ ಎಳೆದು ಇಡುವ ಅವಳದೇ ಹೆಜ್ಜೆ. ಕಣ್ಣು ತಪ್ಪಿಸಿ ಹೋದಳಲ್ಲ ಎಂದು ಸಿಟ್ಟಿನಿಂದ ಗೇಟಿಗೆ ಹೋಗಿ ನಿಂತೆ. ಸದ್ದು ನನ್ನ ಮುಂದೆಯೇ ಹಾದು ಮೇಲಕ್ಕೆ ಹೋಯಿತು. ರಸ್ತೆಯಲ್ಲಿ ಯಾರೂ ಇಲ್ಲ. ನಮ್ಮ ನಾಯಿ ಆ ಸದ್ದಿನ ಜೊತೆಗೇ ತಲೆ ತಿರುಗಿಸಿತು, ಬೊಗಳಲಿಲ್ಲ.

ಒಳಗೆ ಬಂದು ನೋಡಿದರೆ ಸುಮಾ ಹಾಸಿಗೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಕಂಬಳಿಯ ಕೆಳಗೆ ಎರಡೂ ಕಾಲು ಓಡುತ್ತಿದ್ದವು. ಹೊರಗಿನ ಹೆಜ್ಜೆಗೂ ಒಳಗಿನ ಕಾಲಿಗೂ ಒಂದೇ ತಾಳ. ಮೈಯೆಲ್ಲ ಬೆವರು, ತುಟಿ ನೀಲಿ. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಅನಿಸಿತು. ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡೆ. ಒದ್ದಾಡಿದವು, ಬಿಡಲಿಲ್ಲ.

"ಸಾಕು, ನಿಲ್ಲು" ಎಂದೆ.

ಕಾಲು ನಿಂತವು. ರಸ್ತೆಯೂ ಸುಮ್ಮನಾಯಿತು.

ಮಧ್ಯಾಹ್ನ ಎದ್ದು ಗಂಜಿ ಕುಡಿಯುತ್ತಾ ಕೇಳಿದಳು, "ಅಜ್ಜಿ, ಏರಿನ ತುದಿಯಲ್ಲಿ ನನ್ನ ಕಾಲು ಹಿಡಿದದ್ದು ಯಾರು?"

ನಾನು ಅವಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದೆ. ಅಲ್ಲಿಂದ ಮುಂದೆ, ಜೋರು ಓಟದ ಮರುದಿನ ತಾನೇ ಶೂ ತಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ಮೈ ತುಂಬಿಕೊಂಡಳು, ಆಯ್ಕೆಯೂ ಆದಳು.

ದೆವ್ವ ಭೂತ ನಂಬುವವಳಲ್ಲ ನಾನು. ನನ್ನ ಕೈಯನ್ನು ಮಾತ್ರ ನಂಬುತ್ತೇನೆ. ಅದು ಹಿಡಿದದ್ದು ಹಾಸಿಗೆಯಲ್ಲಿದ್ದ ಕಾಲನ್ನು. ನಿಂತದ್ದು ರಸ್ತೆಯ ಓಟ.